ನೂರು ಮಿಲಿಮೀಟರಿನ ಚೆಂಡು

ಕೋಲಿನ ತುದಿಗೆ ಸಿಕ್ಕಿಸಿದ ಒಂದು ಚೆಂಡು,
ಅದೇ ನನ್ನ ಅನ್ನ.
ಅಡ್ಡಳತೆ ನೂರು ಮಿಲಿಮೀಟರು. ಬಣ್ಣ ಹೋಗಿದೆ.
ಯಾರೂ ಇದರಲ್ಲಿ ಆಡಿದವರಿಲ್ಲ.

ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮುಂಚೆ
ಇದನ್ನು ಅದರ ಮೈಮೇಲೆಲ್ಲ ಉರುಳಿಸುತ್ತೇನೆ:
ದೀಪದ ಸುತ್ತ, ಕನ್ನಡಿಯ ಕತ್ತಿಗೆ, ಚಕ್ರದ ಮೇಲಿನ ರೆಪ್ಪೆಗೆ.
ಚೆಂಡು ಮುಟ್ಟಿದಲ್ಲೆಲ್ಲ ಅಂಚು
ಮೆಣಸಿನಕಾಳಿನ ಬೆನ್ನಿನಷ್ಟಾದರೂ ದುಂಡಗಿರಬೇಕು.
ಮುಟ್ಟದ ಸಂದಿಯಲ್ಲಿ ಗರಗಸವೇ ಇರಲಿ,
ಕಾನೂನು ಅತ್ತ ನೋಡುವುದಿಲ್ಲ.

ಇಪ್ಪತ್ತೆರಡು ವರ್ಷವಾಯಿತು.
ಚೆಂಡು ಎಂದರೆ ಏನೆಂದು ನನಗೆ ಗೊತ್ತು.
ಎಲ್ಲೋ ರಸ್ತೆ ದಾಟುತ್ತಿರುವ ಒಂದು ಮೊಣಕಾಲು,
ಇನ್ನೂ ಹುಟ್ಟದ ಯಾರದೋ ತಲೆ.

ಬುಧವಾರ ಎಂಟಕ್ಕೇ ಬಂದಳು, ನೆರಿಸ್ ಪ್ರಾಸರ್,
ಲ್ಯಾಂಡೈಲೊ ಪೇಟೆಯಲ್ಲಿ ಮಾಂಸದಂಗಡಿ.
ಟ್ರೇಲರಿನ ಮೇಲೆ ಟಾರ್ಪಾಲು ಹೊದ್ದ ಎರಡೇ ಸೀಟಿನ ಕಾರು,
ಬಿಚ್ಚಿದರೆ ಬೀಟ್‌ರೂಟ್ ಕೆಂಪು.
ಹನ್ನೊಂದು ಪೆಟ್ಟಿಗೆಗಳಲ್ಲಿ ಬಂದದ್ದಂತೆ.
ಗುದ್ದಿಸಿಕೊಂಡ ಇನ್ಯಾರದೋ ಕಾರಿನ ಎಂಜಿನ್ನು,
ಅಂಗಡಿಯ ಹಿಂದಿನ ಹಳೆಯ ಶೀತಲ ಕೋಣೆಯಲ್ಲಿ
ಅರ್ಧ ದನ ತೂಗುತ್ತಿದ್ದ ಕೊಕ್ಕೆಗೇ ಸರಪಳಿ ಹಾಕಿ
ಎತ್ತಿ ಇಳಿಸಿದಳಂತೆ.
ಏಳು ಚಳಿಗಾಲ, ಭಾನುವಾರ ಮಾತ್ರ.

ಬ್ರೇಕು ಹಿಡಿಯಿತು. ಹೊಗೆ ಹದದಲ್ಲಿತ್ತು.
ಬೆಲ್ಟಿನ ಬೋಲ್ಟನ್ನು ಎಳೆದೆ, ನನ್ನ ಬೆನ್ನೇ ನೊಂದಿತು.
ಅಂಗಳದಲ್ಲಿ ಮೆಲ್ಲಗೆ ತಿರುಗಿಸಿ ಕೈಬಿಟ್ಟೆ:
ಸ್ಟೀರಿಂಗು ತಾನೇ ನೆಟ್ಟಗಾಯಿತು,
ಮನೆಯ ದಾರಿ ಬಲ್ಲ ಕತ್ತೆಯ ಹಾಗೆ.

ಆಮೇಲೆ ಸ್ಪೀಡೊಮೀಟರು.
ಮುಳ್ಳು ಸುಳ್ಳು ಹೇಳಬಹುದು, ಆದರೆ ಒಂದೇ ದಿಕ್ಕಿಗೆ.
ಇರುವುದಕ್ಕಿಂತ ಜೋರು ಎನ್ನಲಿ, ಪರವಾಗಿಲ್ಲ.
ಇರುವುದಕ್ಕಿಂತ ನಿಧಾನ ಎನ್ನುವ ಹಾಗಿಲ್ಲ.
ಅವಳದು ಒಂದೇ ಒಂದು ಮೈಲಿ ನಿಧಾನ ಎಂದಿತು.

ಆಮೇಲೆ ಚೆಂಡು.
ಎಡಗನ್ನಡಿಯ ಬ್ರಾಕೆಟ್ಟಿನಲ್ಲಿ ನಿಂತಿತು.
ಬೆರಳಿಟ್ಟು ನೋಡಿದೆ. ಕೊಯ್ಯುತ್ತಿತ್ತು.

"ಫೇಲಾ?" ಎಂದಳು.
"ಎರಡು ಕಡೆ."
ನಕ್ಕಳು. ಎಡಗೈ ಕಿರುಬೆರಳಿಗೆ ತುದಿ ಇರಲಿಲ್ಲ.
"ಮೂವತ್ತು ವರ್ಷ ಮಸೆದೇ ಮಸೆದೆ ಕಣಯ್ಯ,
ಮೊಂಡು ಮಾಡುವುದನ್ನು ಯಾರೂ ಹೇಳಿಕೊಡಲಿಲ್ಲ."

ಮೂರು ವಾರಕ್ಕೆ ಮತ್ತೆ ಬಂದಳು.
ಬ್ರಾಕೆಟ್ಟನ್ನು ಅರದಿಂದ ಉಜ್ಜಿದ್ದಳು, ಎಲುಬು ಉಜ್ಜಿದ ಹಾಗೆ.
ಸಿಕ್ಕ ಸಿಕ್ಕ ಅಂಚಿಗೆಲ್ಲ ಕರಿ ರಬ್ಬರಿನ ಪಟ್ಟಿ.
ಮುಳ್ಳು ಈಗ ಸರಿಯಾದ ಕಡೆಗೆ ಸುಳ್ಳಾಡುತ್ತಿತ್ತು.
ಸಹಿ ಹಾಕಿದೆ.

ನನಗೆ ಗೊತ್ತಿಲ್ಲದ್ದೇನಲ್ಲ:
ಸಹಿ ಒಣಗುವ ಮೊದಲೇ, ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸಿ
ಪಟ್ಟಿ ಕಿತ್ತೆಸೆಯುವವರಿದ್ದಾರೆ.
ಅಂದ ಕೆಡುತ್ತದಂತೆ.
ಆ ಕಸದ ಬುಟ್ಟಿಯನ್ನು ನಾನು ನೋಡಿದ್ದೇನೆ,
ಹಾವಿನ ಪೊರೆಗಳ ಹಾಗೆ ಒಂದರ ಮೇಲೊಂದು.

ಆಗಸ್ಟಿನಲ್ಲಿ ಒಂದು ಶನಿವಾರ ಆ ಊರಿಗೆ ಹೋಗಿದ್ದೆ.
ಅಂಗಡಿಯ ಮುಂದೆ ಬೀಟ್‌ರೂಟ್ ಕೆಂಪು.
ಚೆಂಡು ಕಚೇರಿಯ ಕಪಾಟಿನಲ್ಲಿತ್ತು,
ಕೈ ಮಾತ್ರ ತಾನಾಗಿ ಹೋಯಿತು.
ಚಾಲಕನ ಕಡೆಯ ಪಟ್ಟಿ ಇರಲಿಲ್ಲ.
ಕಾಲುದಾರಿಯ ಕಡೆ, ಮಕ್ಕಳು ಐಸ್‌ಕ್ರೀಮು ಹಿಡಿದು ಒರಗುವ ಕಡೆ,
ಪಟ್ಟಿ ಇತ್ತು. ಹೊಸದಾಗಿ ಅಂಟು ಹಾಕಿತ್ತು.

ತಲೆಯೆತ್ತಿದರೆ ಗಾಜಿನಾಚೆ ಅವಳು,
ಕೈಯಲ್ಲಿ ಕತ್ತಿ, ನನ್ನನ್ನೇ ನೋಡುತ್ತ.

ಒಳಗೆ ಹೋಗಿ ನಾಲ್ಕು ಚಾಪ್ಸ್ ಕೇಳಿದೆ.
ಅವಳೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ತೂಗಿದಳು, ಕಾಗದ ಸುತ್ತಿದಳು.
ಎಲುಬಿನ ಚೂಪು ಚೀಲ ಹರಿಯದಂತೆ
ಆ ತುದಿಗೆ ಮಾತ್ರ
ಇನ್ನೆರಡು ಸುತ್ತು.