ಹುಬ್ಬಿನ ಮ್ಯಾಲೆ ಎರಡು ಬೆರಳು

ಹಟ್ಟಿ ಗಣಿಯೊಳಗ ಮದ್ದು ಸಿಡಿದರ
ನನಗಿಂತ ಮೊದಲು ಹುಲಿಗೆಮ್ಮಗ ಗೊತ್ತಾಗತದ,
ಅಂಗಾಲಿನಿಂದ.
ಚರಗಿಯೊಳಗಿನ ನೀರು ಅಲುಗೂದಕ್ಕ ಮುಂಚೆ
ಕೈ ಎತ್ತಿ ತೋರಸ್ತಾಳ: ಬಂತು.

ಒಂಬತ್ತು ವರ್ಷ ಓಣಿ ಅಕಿನ್ನ ಮೂಗಿ ಅಂತು.
ನಾನು ಹೊಸಲಿನಾಗ ನಿಂತು ಹುಲಿಗೆಮ್ಮಾ ಅಂದೆ,
ಗಂಟಲು ಹರಿಯೂವಂಗ.
ಒಂದೂ ಮುಟ್ಟಿರಲಿಲ್ಲ.

ರಾಯಚೂರಿನ ಸಾಲಿಯಾಗ ಖಾಜಾಬಿ ಟೀಚರ್,
ಅಕಿಗೂ ಕಿವಿ ಕೇಳಂಗಿಲ್ಲ,
ಇವಳ ಹುಬ್ಬಿನ ಮ್ಯಾಲಿನ ಗಾಯದ ಕಲಿ ನೋಡಿ
ಎರಡು ಬೆರಳು ಇಟ್ಟಳಂತ ಅಲ್ಲಿ.
ಮುಗೀತು. ಹೆಸರು.

ನನಗ್ಯಾರೂ ಹೇಳಲಿಲ್ಲ.
ನಿನ್ನೆ ಟೀಚರ್ ಫೋನಿನಾಗ ಘಾನಾ ದೇಶದ ಹುಡುಗ,
ಅವರೂರಾಗೂ ಬಂಗಾರದ ಗಣಿ, ಅವಗೂ ಕೇಳಂಗಿಲ್ಲ.
ಅವರ ನೀರು ಬ್ಯಾರೆ, ನಮ್ಮ ನೀರು ಬ್ಯಾರೆ,
ಬೆರಳು ತಿರುವಿ ತಿರುವಿ ಒಬ್ಬರಿಗೊಬ್ಬರು ಕಲಿಸಿ
ನಕ್ಕೇ ನಕ್ಕರು.
ಕಡೀಕ ಅವ ಬಟ್ಟು ಮಾಡಿ ಕೇಳಿದ, ನೀ ಯಾರು?
ಹುಬ್ಬಿಗೆ ಎರಡು ಬೆರಳು.
ಸಮುದ್ರದಾಚೆ ಅವ ಹಂಗೇ ಕರೆದ.
ಮಗ್ಗಲಾಗ ಕುಂತಾಕಿ ನಾನು,
ಹಡೆದಾಕಿ, ಈಗ ಕೇಳಿದೆ.

ರಾತ್ರಿ ಕರೆಂಟ್ ಹೋತು.
ಕತ್ತಲದಾಗ ಕೈಮಾತು ಕಾಣಂಗಿಲ್ಲ.
ತಡವಿ ತಡವಿ ಆ ಕಲಿ ಹುಡುಕಿ
ಬೆರಳು ಇಟ್ಟೆ.
ನಿದ್ದಿಗಣ್ಣಾಗ, ಓ ಅಂದಂಗ,
ನನ್ನ ಮಣಿಕಟ್ಟು ಹಿಡಿದಳು.