ನೀರಿಗೆ ಸ್ನಾನ

ಹನ್ನೊಂದೂವರೆಗೆ ಪಂಪು ನಿಂತಿತು.
ಲೆಲ್ಲಿಸೆ ಮೂಗಿಗೆ ಶಾಲು ಬಿಗಿದು
ಟಾರ್ಚು ಹಿಡಿದು ಏಣಿ ಇಳಿದಳು.
ಜಾಲರಿಗೆ ಸಿಕ್ಕಿದ್ದು ಕುರಿಗೂದಲು, ತೊಗಲಿನ ಚೂರು,
ಯಾರದೋ ಒಂಟಿ ಕೈಗವಸು.
ಎಳೆದಳು.
ಐದು ಕಾರ್ಖಾನೆಗಳ ನೀರು ಒಟ್ಟಿಗೆ ಕೆಮ್ಮಿ
ಮತ್ತೆ ಹರಿಯಿತು.

ನೋಡಲು ಚೆಂದವೇ, ಕ್ರೋಮಿನ ಆ ನೀರು:
ಮೊಜೊ ಪೇಟೆಯಲ್ಲಿ ಹಬ್ಬಕ್ಕೆ ಗೋಡೆಗೆ ಬಳಿಯುವ
ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ.
ಒಮ್ಮೆ ಸೀಸೆಯಲ್ಲಿ ಮನೆಗೊಯ್ದಾಗ
ತಂಗಿ ಕೇಳಿದ್ದಳು, ಶರಬತ್ತೇನೇ?

ಸುಣ್ಣ ಸುರಿದಳು, ಮೂಟೆಯ ಮೇಲೆ ಮೂಟೆ.
ಹುಳಿ ಹಿಂಡಿದ ಹಾಲಿನಂತೆ ನೀರು ಒಡೆಯಿತು.
ಮೇಲೆ ತಿಳಿ, ತಳದಲ್ಲಿ ಗಸಿ.
ತಿಳಿ ಹೊಳೆಗೆ.
ಗಸಿ ಗೋಡೆಯಾಚೆಯ ಗುಂಡಿಗೆ.
ಗುಂಡಿ ತುಂಬಿ ಆರು ತಿಂಗಳಾಯಿತು;
ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆ ಹಾರದಂತೆ ಹಳೆಯ ಟೈರು.
ಮಳೆ ಬಂದ ರಾತ್ರಿಗಳಲ್ಲಿ ಅವಳಿಗೆ
ರಜೆಯಿದ್ದರೂ ನಿದ್ದೆಯಿಲ್ಲ.

ಅಪ್ಪ ಗುಟೆಮಾ ಮೂವತ್ತು ವರ್ಷ ಇಲ್ಲೇ
ಹಸಿತೊಗಲಿನ ಮಾಂಸ ಹೆರೆದವನು.
ಉಗುರುಗಳು ಈಗಲೂ ಕಂದು.
ಅವನ ಕಾಲಕ್ಕೆ ನೀರು ನೆಟ್ಟಗೆ ಹೊಳೆಗೇ ಹೋಗುತ್ತಿತ್ತು,
ಯಾರನ್ನೂ ಕೇಳುತ್ತಿರಲಿಲ್ಲ.
ಮಗಳಿಗೆ ಕೆಲಸ ಸಿಕ್ಕ ದಿನ ನಕ್ಕಿದ್ದ:
ಏನೇ ಅದು, ನೀರಿಗೆ ಸ್ನಾನ ಮಾಡಿಸುವ ಕೆಲಸವೇ?
ಆಮೇಲೆ ದನಿ ತಗ್ಗಿಸಿ:
ಇಂಜೆರಾ ಕೊಟ್ಟ ತೊಗಲನ್ನು ಬಯ್ಯಬೇಡ.
ಬಯ್ದಿಲ್ಲ. ಅವಳ ಕಾಲಲ್ಲಿರುವ ಬೂಟೂ ಅದೇ.

ನಾಳೆ ತನಿಖೆಯವರು ಬರುತ್ತಾರೆ.
ಮ್ಯಾನೇಜರ್ ಸಂಜೆಯೇ ಹೇಳಿ ಹೋಗಿದ್ದಾನೆ:
ಕೊಳವೆಬಾವಿಯ ನೀರು ಒಂದಿಷ್ಟು ಬೆರೆಸು,
ಅಂಕಿ ತಾನಾಗಿ ಇಳಿಯುತ್ತದೆ.
ಕೆಂಪು ಚಕ್ರದ ನಲ್ಲಿ ಮೊಣಕೈಯಳತೆಯಲ್ಲೇ ಇದೆ.
ಹೋದ ಸಲ ತಿರುಗಿಸಿದ್ದಳು.
ಸುಳ್ಳೇಕೆ, ಸಲೀಸಾಗಿ ತಿರುಗಿತ್ತು.
ಹಾಲಿಗೆ ನೀರು ಬೆರೆಸುವವಳನ್ನು ಬೀದಿಯೆಲ್ಲ ಬಯ್ಯುತ್ತದೆ,
ನೀರಿಗೆ ನೀರು ಬೆರೆಸಿದರೆ ಕೇಳುವವರಾರು?

ಕಾವಲಿನ ದಿರಿಬಾ ಕಾಫಿ ತಂದಿಟ್ಟ.
ಮೊದಲ ಬಟ್ಟಲು ಕುಡಿದಳು. ಎರಡನೆಯದು.
ಮೂರನೆಯದು ಹರಕೆಯ ಬಟ್ಟಲು, ತೀರಾ ತೆಳು,
ಅದನ್ನು ಆರಲು ಬಿಟ್ಟು
ದಾಖಲೆ ಪುಸ್ತಕ ತೆರೆದಳು.
ಇರಬೇಕಾದ್ದು ಎರಡರೊಳಗೆ.
ಬರೆದಳು: ಮೂರು ಪಾಯಿಂಟ್ ಎಂಟು.
ಪೆನ್ಸಿಲಲ್ಲಲ್ಲ.
ದಿರಿಬಾ ಇಣುಕಿ ನೋಡಿದ, ಏನೂ ಅನ್ನಲಿಲ್ಲ,
ಬಟ್ಟಲು ಎತ್ತಿಕೊಂಡು ಹೋದ.

ಬೆಳಿಗ್ಗೆ ಆರಕ್ಕೆ ಸೇತುವೆಯ ಮೇಲೆ ನಿಂತಳು.
ಕೆಳಗೆ ಈರುಳ್ಳಿ ಪಾತಿಗೆ ನೀರೆತ್ತುವ ಮೋಟರಿನ ಸದ್ದು.
ಹೊಳೆಗೆ ಇಳಿದಿದ್ದ ಒಂದು ಕತ್ತೆ
ಮೂಸಿತು,
ತಲೆಯೆತ್ತಿ ಸ್ವಲ್ಪ ಹೊತ್ತು ಯೋಚಿಸಿತು,
ಕುಡಿಯಿತು.
ಎಷ್ಟು ಗುಟುಕು ಎಂದು ಎಣಿಸುತ್ತ ನಿಂತವಳಿಗೆ
ಬಸ್ಸು ತಪ್ಪಿತು.