ಹತ್ತು ಅಂಕಿ

ತಾಯಿ ಕಾರ್ಡಿನಲ್ಲಿ
ಹೆಸರು, ವಯಸ್ಸು, ಊರು, ಎಷ್ಟನೇ ಬಸಿರು
ಎಲ್ಲ ನನ್ನದೇ.
ನಂಬರು ಮಾತ್ರ ಗಂಡನದು.

ಗಂಡ ಬೋಟಿನ ಮೇಲೆ.
ರತ್ನಾಗಿರಿಯಾಚೆ ಎಲ್ಲೋ
ಟವರು ಮುಗಿದಲ್ಲಿ ಬಲೆ ಎಳೆಯುತ್ತಿದ್ದ.
ಮಂಗಳವಾರ ರಕ್ತ ಪರೀಕ್ಷೆ, ಬರಬೇಕು ಎಂದು
ಕುಮಟೆ ಆಸ್ಪತ್ರೆಯ ಹುಡುಗಿ ಕರೆದದ್ದು
ಅವನ ಬನಿಯನ್ನು, ಬೀಡಿಕಟ್ಟಿನ ನಡುವೆ
ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮಲಗಿದ್ದ ಫೋನಿಗೆ.
ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದು
ಯಾವಳೋ ಒಬ್ಬಳು
ಸಮುದ್ರದ ಪರವಾಗಿ ಉತ್ತರ ಕೊಟ್ಟಳಂತೆ.

ಆ ಹೊತ್ತು ನಾನು ಅಘನಾಶಿನಿಯ ಅಳಿವೆಯಲ್ಲಿ,
ಸೊಂಟದ ಮಟ್ಟ ನೀರು,
ಕಾಲ ಬೆರಳಲ್ಲೇ ಕೆಸರು ತಡವಿ ಬೆಳಚು ಹುಡುಕುತ್ತಿದ್ದೆ.
ಹುಣ್ಣಿಮೆಯ ಮುಂಜಾವು ಎಷ್ಟು ಇಳಿಯುತ್ತದೆ,
ಅಷ್ಟಮಿಗೆ ಎಷ್ಟು ನಿಲ್ಲುತ್ತದೆ,
ಭರತಿ ಎದ್ದು ಗಜನಿ ಕಟ್ಟೆ ಮುಟ್ಟಲು ಎಷ್ಟು ಹೊತ್ತು
ಯಾರೂ ಫೋನು ಮಾಡಿ ತಿಳಿಸಬೇಕಿಲ್ಲ ನನಗೆ.
ನನ್ನದೇ ರಕ್ತ ಇಳಿದದ್ದು ಮಾತ್ರ
ಗೊತ್ತಾಗಲಿಲ್ಲ.

ಮೊದಲ ಬಸಿರಿಗೂ ಇದೇ ನಂಬರು.
ಏಳು ತಿಂಗಳಿಗೆ ಕಾಲು ಬಾತವು,
ಕಣ್ಣ ಮುಂದೆ ಮಿಂಚುಹುಳ ಹಾರಿದವು ಹಾಡಹಗಲೇ.
ಉಪ್ಪುನೀರಲ್ಲಿ ನಿಂತ ಕಾಲು, ಬಾಯದೇ ಇರ್ತದಾ
ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡೆ.
ಆಮೇಲೆ ಪಾತಿಯಲ್ಲಿ ಮಲಗಿಸಿ ಹೊಳೆ ದಾಟಿಸಿದರು.
ಆಚೆ ದಡದಲ್ಲಿ ಆಂಬುಲೆನ್ಸ್ ನಿಂತಿತ್ತು,
ಬಾಗಿಲು ತೆರೆದುಕೊಂಡು.

ಅದರ ಬಗ್ಗೆ ಇಷ್ಟೇ.

ಈ ಸಲ ಯಮುನಕ್ಕ ಕೊಡೆ ಹಿಡಿದು
ಮೂರು ಸಲ ನಮ್ಮ ಕುರ್ವೆಗೆ ಬಂದಳು.
ಫೋನು ಎತ್ತೂದಿಲ್ಲ ಎಂತಕೆ, ಮಾರಾಯ್ತಿ?
ಅದು ನಂದಲ್ಲ ಅಂದೆ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು
ರಿಜಿಸ್ಟರು ತಿರುವಿದಳು ಆಶಾ ಅಕ್ಕ, ನಿಧಾನ.
ಕುರ್ವೆಯಲ್ಲಿ ಹನ್ನೊಂದು ಬಸಿರು.
ಹನ್ನೊಂದು ಗಂಡಸರ ನಂಬರು.

ಒಂದು ಪಕ್ಷದ ಬೆಳಚು ಕಟ್ಟಿಟ್ಟು
ಕುಮಟೆ ಪೇಟೆಗೆ ಹೋದೆ.
ಸಿಮ್ಮಿನ ಅಂಗಡಿ ಹುಡುಗ ಹೆಬ್ಬೆರಳು ಇಡಿ ಎಂದ.
ಚಿಪ್ಪು ತಿಂದು ನುಣ್ಣಗಾದ ಬೆರಳು
ಮಷೀನಿಗೆ ಗುರುತಾಗಲಿಲ್ಲ.
ತೋರುಬೆರಳು. ಇಲ್ಲ. ನಡುಬೆರಳು. ಇಲ್ಲ.
ಹಿಂದೆ ನಿಂತವರು ಗಡಿಯಾರ ನೋಡಿದರು.
ಎಡಗೈ ಕಿರುಬೆರಳನ್ನು ಕೊನೆಗೆ ನಂಬಿತು ಅದು,
ನಾನು ನಾನೇ ಎಂದು.

ಮೊದಲ ಕರೆ ಬಂದದ್ದು
ಸಾಲ ಬೇಕೇ ಎಂದು ಕೇಳುವವಳದು.
ಖುಷಿಯಿಂದ ಪೂರ್ತಿ ಕೇಳಿದೆ.
ಯಾರ ಸಂಗ್ತಿಗೆ ಮಾತಾಡೂಕೆ ನಿಂಗೆ ಫೋನು ಎಂದು
ಎರಡು ದಿನ ಗೊಣಗಿದ ಅತ್ತೆ
ಮೂರನೆಯ ದಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟ
ಮಂಜಗುಣಿಯ ಮಗಳ ನಂಬರು ತೋರಿಸಿ,
ಇದು ಹತ್ತೂದಾ ನೋಡು ಅಂದರು.

ಕಾರ್ಡಿನ ಮೇಲೆ ಹಳೆಯದನ್ನು ಗೀಟೆಳೆದು
ಯಮುನಕ್ಕ ಹೊಸದು ಬರೆದಳು.
ಏಳು ಒಂದರ ಹಾಗೆ ಕಾಣ್ತದೆ ಅಂದೆ.
ತಿದ್ದಿಸಿದೆ.

ಮೊನ್ನೆ ಏಕಾದಶಿ. ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ.
ತಲೆಯ ಸಿಂಬಿಯೊಳಗೆ ಸಿಕ್ಕಿಸಿಟ್ಟದ್ದು
ಜೇನಿನ ಹಾಗೆ ಗುಂಯ್‌ಗುಟ್ಟಿತು.
ಕೈ ಸೀರೆಗೆ ಒರೆಸಿದೆ, ಸೀರೆಯೇ ಒದ್ದೆ.
ಹಲೋ, ಪೇಷೆಂಟಿಗೆ ಸ್ವಲ್ಪ ಹೇಳ್ತೀರಾ,
ರಕ್ತ ಏಳೂವರೆ ಇದೆ, ನಾಳೆಯೇ ಕರಕೊಂಡು ಬನ್ನಿ...
ಪೇಷೆಂಟೇ ಮಾತಾಡೂದು ಅಂದೆ.
ಆ ಕಡೆ ಹುಡುಗಿ ಒಂದು ಗಳಿಗೆ ಸುಮ್ಮನಾದಳು.
ಬುಟ್ಟಿಯಲ್ಲಿ ಬೆಳಚು
ಬಾಯಿ ತೆರೆದು ಮುಚ್ಚುತ್ತಿದ್ದವು.

ನಾಳೆ ಇಳಿತ ಬೆಳಿಗ್ಗೆ.
ಬೆಳಚಿಗೆ ಒಳ್ಳೇ ದಿನ.
ಹತ್ತೂವರೆಗೆ ಬರ್ತೆ ಅಂದೆ,
ಯಾರ ಮುಖವನ್ನೂ ನೋಡದೆ;
ನೋಡಲು ಅಲ್ಲಿ ಯಾರೂ ಇರಲಿಲ್ಲ,
ನೀರು, ಎರಡು ಬೆಳ್ಳಕ್ಕಿ,
ಹುರಿ ಕಟ್ಟಿದ ನನ್ನ ಪಾತಿ.